ಇಡೀ ಊರಿನ ಅರ್ಧ ಮಾಲಕ

ಖಬರಸ್ತಾನದಿಂದ ಬರುವಾಗ ನಗಬಾರದು ಎಂಬುದು ನನಗೂ ಗೊತ್ತು. ಆದರೆ ಅವತ್ತು ಚಾಚಾ ಅವರಿಗೆ ಮಣ್ಣು ಕೊಟ್ಟು ವಾಪಸಾಗುತ್ತಿದ್ದ ನಾವು ಐದಾರು ಮಂದಿ, ಗಜೇಂದ್ರಗಡದ ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಶುರು ಮಾಡಿದವನು ಹಿಟ್ಟಿನ ಗಿರಣಿಯವನು. ಕಣ್ಣೊರೆಸಿಕೊಳ್ಳುತ್ತಲೇ, "ಚಾಚಾ ಮ್ಯಾಲೆ ಹೋಗಿ ಮೊದಲನೇ ತಿಂಗಳು ಏನೂ ಮಾತಾಡೂದಿಲ್ಲ ನೋಡ್ರಿ. ಬಾಗಲದಾಗ ಕುರ್ಚಿ ಹಾಕ್ಕೊಂಡು, ಬಂದು ಹೋಗೋ ಮಂದೀನ್ನ ನೋಡಕೋತ ಕುಂದ್ರತಾರ" ಅಂದ. ಖಾನಾವಳಿಯವನು, "ಎರಡನೇ ತಿಂಗಳು ಪಾಲು ಕೇಳ್ತಾರ" ಅಂದ. ಅಷ್ಟೇ, ನಮ್ಮ ಅಳು ಎಲ್ಲಿಗೆ ಹೋಯಿತೋ. ಎದುರಿಗೆ ಬಂದ ಪರವೂರಿನವರು ನಮ್ಮನ್ನು ಯಾವುದೋ ಮದುವೆ ಮುಗಿಸಿ ಬಂದವರು ಅಂದುಕೊಂಡಿರಬೇಕು.

ನಾವೆಲ್ಲ ಒಂದಲ್ಲ ಒಂದು ಕಾಲಕ್ಕೆ ಚಾಚಾ ಅವರ ಪಾಲುದಾರರಾಗಿದ್ದವರು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಚಾಚಾ ಅಂದರೆ ಅವರೇ, ಚಾಚಿ ಅಂದರೆ ಅವರ ಹೆಂಡತಿ. ಬಿಳಿ ಪೈಜಾಮ, ಅದರ ಮೇಲೆ ಎಲ್ಲ ಕಾಲಕ್ಕೂ ಒಂದೇ ಕಂದು ಕೋಟು, ಕೋಟಿನ ಕಿಸೆಯಲ್ಲಿ ಹುರಿಗಡಲೆ, ಸೈಕಲ್ಲಿನ ಹಿಂದೆ ಹಗ್ಗದಿಂದ ಕಟ್ಟಿದ ಮಡಚುವ ಕುರ್ಚಿ. ಯೋಚನೆಗೆ ಬಿದ್ದರೆ ಎಡಗಿವಿಯ ಹಾಲೆ ತಿಕ್ಕುತ್ತಿದ್ದರು. ಖುಷಿಯಾದರೆ ಪಕ್ಕದಲ್ಲಿ ಕೂತವರ ತೊಡೆಗೆ ಫಟ್ ಎಂದು ಒಂದು ಬಾರಿಸುತ್ತಿದ್ದರು. ಅವರಿಗೆ ದಿನಕ್ಕೆ ಹತ್ತು ಸಲವಾದರೂ ಖುಷಿಯಾಗುತ್ತಿತ್ತು. ನಾವು ಸ್ವಲ್ಪ ದೂರ ಕೂರುವುದನ್ನು ಕಲಿತಿದ್ದೆವು.

ಅವರಿಗೆ ತಮ್ಮದೇ ಅಂತ ಒಂದು ಅಂಗಡಿ ಇರಲಿಲ್ಲ. ಬೇರೆಯವರ ಅಂಗಡಿಗೆ ಬಂಡವಾಳ ಹಾಕಿ ಅರ್ಧ ಪಾಲು ಹಿಡಿಯುವುದೇ ಅವರ ಕಸುಬು. ದೊಡ್ಡ ಊರುಗಳಲ್ಲಿ ಇದೇ ಕೆಲಸವನ್ನು ಸೂಟು ಹಾಕಿಕೊಂಡು ತಣ್ಣನೆಯ ಕೋಣೆಯಲ್ಲಿ ಕೂತು ಮಾಡುತ್ತಾರಂತೆ, ಪ್ರೈವೇಟ್ ಈಕ್ವಿಟಿ ಅನ್ನುತ್ತಾರಂತೆ. ಚಾಚಾ ಅದನ್ನು ಗಿರಣಿಯ ಹಿಟ್ಟು ಮೈಮೇಲೆ ಬೀಳಿಸಿಕೊಂಡು ಮಾಡುತ್ತಿದ್ದರು. ಬಡ್ಡಿ ಮುಟ್ಟುವುದಿಲ್ಲ ಎಂಬುದು ಅವರ ನೇಮ. ಯಾರಾದರೂ ಸಾಲ ಕೇಳಿಕೊಂಡು ಹೋದರೆ, "ತಮ್ಮಾ, ನನ್ನ ರೊಕ್ಕ ಒಂದ ಬರೂದಿಲ್ಲ. ಅದರ ಸಂಗಾಟ ನಾನೂ ಬರ್ತೀನಿ" ಅನ್ನುತ್ತಿದ್ದರು. ಕೇಳಲು ಹೋದವರಲ್ಲಿ ಅರ್ಧ ಜನ ಆ ಮಾತಿಗೇ ಹೆದರಿ ಓಡಿ ಬರುತ್ತಿದ್ದರು.

ಉಳಿದವರ ಅಂಗಡಿಗೆ ಅವರು ಖರೇನೇ ಬರುತ್ತಿದ್ದರು. ಮೊದಲ ಒಂದು ತಿಂಗಳು ಬಾಗಿಲಲ್ಲಿ ಕುರ್ಚಿ ಬಿಚ್ಚಿ ಕೂರುವುದು. ಬೀಗ ತೆಗೆಯುವುದರಿಂದ ಬೀಗ ಹಾಕುವತನಕ ಕಡಲೆ ತಿನ್ನುತ್ತಾ ನೋಡುವುದು, ಒಂದು ಮಾತೂ ಇಲ್ಲ. ತಿಂಗಳು ಕಳೆದ ಮೇಲೆ ಒಂದೇ ಒಂದು ಬದಲಾವಣೆ ಹೇಳುವುದು. ನನ್ನದು ಲಗ್ನಪತ್ರಿಕೆ, ಪಾವತಿ ಪುಸ್ತಕ ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಅಲ್ಲಿಯೂ ತಿಂಗಳು ಕೂತರು. ಯಂತ್ರ ಬದಲಿಸು ಅನ್ನುತ್ತಾರೆ, ಅಕ್ಷರ ಬದಲಿಸು ಅನ್ನುತ್ತಾರೆ ಎಂದು ನಾನು ಎದೆ ಹಿಡಿದುಕೊಂಡಿದ್ದೆ. ಅವರು ಹೇಳಿದ್ದು, "ಒಂದು ಉದ್ದನ ಬೆಂಚು ಹಾಕು. ಬಾಜೂಕ ಒಂದು ನೀರಿನ ಕೊಡ ಇಡು."

"ಯಾಕ ಚಾಚಾ?"

"ಲಗ್ನಪತ್ರಿಕ್ಯಾಗ ಯಾರ ಹೆಸರು ಮೊದಲು, ಯಾರ ಹೆಸರು ಆಮ್ಯಾಲೆ ಅಂತ ಬೀಗರು ಜಗಳಾ ತೆಗೀತಾರಲ್ಲ, ಅವರು ಇಲ್ಲೇ ಕುಂತು ಜಗಳಾಡಲಿ. ಮನಿಗೆ ಹೋಗಿ ಜಗಳಾಡಿದ್ರ ನೀ ಎರಡನೇ ಸಲ ಅಚ್ಚು ಹಾಕಬೇಕಾಗ್ತೈತಿ."

ಅದು ನಿಜವಾಗಿತ್ತು. ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದ ಸೋದರಮಾವಂದಿರ ದೆಸೆಯಿಂದ ನನ್ನ ಲಾಭವೆಲ್ಲ ರದ್ದಿಗೆ ಹೋಗುತ್ತಿತ್ತು. ಬೆಂಚು ಹಾಕಿದೆ. ಮದುವೆ ದಿನಗಳಲ್ಲಿ ಎರಡೂ ಕಡೆಯ ಬೀಗರು ಅದರ ಮೇಲೆ ಸಾಲಾಗಿ ಕೂತು, ನೀರು ಕುಡಿದು ಕುಡಿದು ಜಗಳಾಡಿ, ಒಪ್ಪಿಕೊಂಡು ಎದ್ದು ಹೋಗುತ್ತಿದ್ದರು. ಬಾಗಿಲಲ್ಲಿ ಚಾಚಾ ಒಳ್ಳೆಯ ನಾಟಕ ನೋಡುವವರ ಹಾಗೆ ಕಡಲೆ ಮುಕ್ಕುತ್ತಿದ್ದರು.

ನರಗುಂದದ ಒಂದು ಬ್ಯಾಂಡ್ ಕಂಪನಿಯಲ್ಲೂ ಅವರಿಗೆ ಅರ್ಧ ಪಾಲಿತ್ತು. ಬ್ಯಾಂಡಿಗೆ ಬಾಗಿಲು ಎಲ್ಲಿಂದ ಬರಬೇಕು? ಚಾಚಾ ಒಂದು ತಿಂಗಳು ಮೆರವಣಿಗೆಗಳ ಹಿಂದೆ ಸೈಕಲ್ಲು ತಳ್ಳಿಕೊಂಡು ನಡೆದರು. ಆಮೇಲೆ ಹೇಳಿದರು, "ಊದೋರಿಗೆ ಊಟಾ ಮೊದಲು, ಊದೂದು ಆಮ್ಯಾಲೆ. ಹಸಕೊಂಡು ಊದಿದ್ರ ಹಾಡು ಲಗೂ ಲಗೂ ಮುಗೀತೈತಿ, ಮಂದಿಗೆ ಕುಣಿಯಾಕ ಆಗೂದಿಲ್ಲ." ಅಂದಿನಿಂದ ಆ ಬ್ಯಾಂಡಿನವರು ಹೋಳಿಗೆ ಉಂಡ ಮೇಲೆಯೇ ತುತ್ತೂರಿ ಮುಟ್ಟಿದ್ದು. ಮೆರವಣಿಗೆ ಬೀಗರ ಮನೆ ಮುಟ್ಟುವುದರೊಳಗೆ ಅಕ್ಷತೆಯ ವೇಳೆ ಮೀರತೊಡಗಿತು. ಹಿರಿಯರು ಬೈದರು, ವರನ ಗೆಳೆಯರು ಕುಣಿದರು, ರೋಣ, ಗದಗಿನಿಂದಲೂ ಕರೆ ಬಂತು.

ಮೂರು ವರ್ಷವಾದ ಮೇಲೆ, ಅಂಗಡಿ ತನ್ನ ಕಾಲ ಮೇಲೆ ನಿಂತಿತು ಅನಿಸಿದಾಗ, ಚಾಚಾ ತಮ್ಮ ಪಾಲನ್ನು ಅಂಗಡಿಯವನಿಗೇ ಮಾರಿ ಎದ್ದು ಬಿಡುತ್ತಿದ್ದರು. ಎಷ್ಟು ಬೇಡಿಕೊಂಡರೂ ನಿಲ್ಲುತ್ತಿರಲಿಲ್ಲ. ಮರುದಿನ ಮುಂಜಾನೆ ಅದೇ ಅಂಗಡಿಗೆ ಗಿರಾಕಿಯಾಗಿ ಬಂದು ಸಿಕ್ಕಾಪಟ್ಟೆ ಚೌಕಾಶಿ ಮಾಡುವರು. "ನಿನ್ನಿತನಕ ನಿಮ್ಮದ ಅಂಗಡಿ ಇತ್ತಲ್ಲ ಚಾಚಾ" ಅಂದರೆ, "ಇವತ್ತ ನಾ ಗಿರಾಕಿ. ಗಿರಾಕಿಗೆ ಮರ್ಯಾದಿ ಕೊಡು" ಅನ್ನುವರು. ನಾವು ಬೇಸರದಿಂದ ಅವರ ಕುರ್ಚಿ ಇರುತ್ತಿದ್ದ ಜಾಗ ನೋಡುತ್ತಿದ್ದರೆ, ಅವರು ಆಗಲೇ ಇನ್ನಾವುದೋ ಬಾಗಿಲಲ್ಲಿ ಕುರ್ಚಿ ಬಿಚ್ಚಿರುತ್ತಿದ್ದರು.

ಇಂಥ ಮನುಷ್ಯ ಭೂಮಿಯ ವ್ಯಾಪಾರಕ್ಕೆ ಇಳಿದದ್ದು ಒಂದು ಮೊಳೆಯ ದೆಸೆಯಿಂದ.

ಮದುವೆಯಾದಾಗಿನಿಂದ ಗಂಡ ಹೆಂಡತಿ ಇದ್ದದ್ದು ಒಂದೇ ಬಾಡಿಗೆ ಮನೆಯಲ್ಲಿ. ಮಕ್ಕಳಿರಲಿಲ್ಲ. ಚಾಚಿ ಮನೆಯಲ್ಲೇ ಹೆಂಗಸರ ಕುಪ್ಪಸ, ಜಂಪರ್ ಹೊಲಿಯುತ್ತಿದ್ದರು. ಒಂದು ದಿನ ಅವರು ಗಡಿಯಾರ ತೂಗು ಹಾಕಲು ಗೋಡೆಗೆ ಮೊಳೆ ಬಡಿದರು, ಅಂಗೈಯಗಲ ಗಿಲಾವು ಉದುರಿತು. ಮನೆಯ ಮಾಲಕ ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿ ಹೋದ. ಸಂಜೆ ಚಾಚಾ ಮನೆಗೆ ಬಂದರೆ ಚಾಚಿ ಸುತ್ತಿಗೆ ಹಿಡಿದುಕೊಂಡೇ ಕೂತಿದ್ದರಂತೆ.

"ಈ ಊರಾಗ ಅರ್ಧಾ ಗಿರಣಿ ನಿಮ್ಮದು, ಅರ್ಧಾ ಖಾನಾವಳಿ ನಿಮ್ಮದು, ನರಗುಂದದ ಅರ್ಧಾ ಬ್ಯಾಂಡೂ ನಿಮ್ಮದು. ಮೊಳಿ ಬಡಿಯಾಕ ಇಡೀ ಒಂದು ಗ್ವಾಡಿ ಐತೇನ್ರಿ ನಿಮ್ಮದು?"

ಈ ಮಾತನ್ನು ಮರುದಿನ ನಮಗೆ ಹೇಳಿದವರು ಚಾಚಾ ಅವರೇ. ಹೇಳುವಾಗ ಕಿವಿ ತಿಕ್ಕಿ ತಿಕ್ಕಿ ಕೆಂಪಾಗಿತ್ತು. "ಆಕಿ ಹೇಳೂದು ಖರೇ ಐತಿ. ಮುಂದಿನ ಮಳಿಗಾಲದೊಳಗ ಆಕಿಗೆ ಒಂದು ಮನಿ ಆಗಬೇಕು. ಸ್ವಂತ ಮನಿ" ಅಂದರು. ಅವರು ಅಷ್ಟು ಗಂಭೀರವಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿದ್ದ ಕಾಲ ಅದು. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಪಂಖಗಳು ಎದ್ದು ತಿರುಗತೊಡಗಿದ್ದವು. ಅದರೊಂದಿಗೆ ಭೂಮಿಯ ಬೆಲೆ ಏರಿ, ಊರಿನವರ ತಲೆಯೂ ತಿರುಗಿತ್ತು. ಬಿಳಿ ಅಂಗಿಯ ಏಜಂಟರು ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಕೂಗುತ್ತಿದ್ದರು. ಇವತ್ತು ತಗೊಂಡು ನಾಳೆ ಮಾರಿದವರ ಕಥೆಗಳು ಚಹಾದಂಗಡಿಯಲ್ಲಿ ಬಿಸಿಬಿಸಿಯಾಗಿ ಸಿಗುತ್ತಿದ್ದವು. ಚಾಚಾ ಎಲ್ಲ ಪಾಲುಗಳನ್ನೂ ಒಟ್ಟಿಗೆ ಬಿಡಿಸಿಕೊಂಡರು. ರೋಣದ ರಸ್ತೆಯಲ್ಲಿ ಊರು ಬಿಟ್ಟ ಕೂಡಲೇ ಇದ್ದ ಒಂದು ಎರೆಹೊಲ ಕೊಂಡು, ಸೈಟು ಮಾಡಿ ಮಾರುತ್ತೇನೆ ಅಂದರು. ಮೂಲೆಯ ಬೇವಿನ ಗಿಡದ ಸೈಟು ಚಾಚಿಯ ಮನೆಗೆ, ಉಳಿದವು ಮಾರಾಟಕ್ಕೆ. ಆ ರೊಕ್ಕದಲ್ಲಿ ಮನೆ ಕಟ್ಟುವುದು. ಲೆಕ್ಕ ಸರಳವಾಗಿತ್ತು.

ಮೊದಲನೇ ದಿನವೇ ಖಾಲಿ ಹೊಲದ ನಡುವೆ ಕುರ್ಚಿ ಬಿಚ್ಚಿದರು. ತಿಂಗಳು ಕೂರದೆ ಅವರಿಗೆ ಯಾವ ವ್ಯಾಪಾರವೂ ತಿಳಿಯದು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹಾಕಿ ನೋಡಿದರು. ಒಂದು ಮಧ್ಯಾಹ್ನ ಜೋರು ಮಳೆ ಹೊಡೆಯಿತು. ನಮ್ಮ ಎರೆಮಣ್ಣು ನೆನೆದರೆ ಹಿಡಿದದ್ದನ್ನು ಬಿಡುವುದಿಲ್ಲ. ಕುರ್ಚಿ ಕಾಲುಗಳ ಸಮೇತ ಇಳಿಯಿತು, ಚಪ್ಪಲಿ ಒಂದೊಂದು ಒಂದೊಂದು ಕಡೆ ಉಳಿದವು. ಚಾಚಾ ಮೊಳಕಾಲತನಕ ಕಪ್ಪಾಗಿ, ಬರಿಗಾಲಲ್ಲಿ, ನಗುತ್ತಾ ಪೇಟೆಗೆ ನಡೆದು ಬಂದರು. "ಜಾಗಾ ಭಾಳ ಚಲೋ ಐತಿ. ಬಂದವರನ್ನ ಬಿಡೂದ ಇಲ್ಲ" ಅಂದು ನನ್ನ ತೊಡೆಗೆ ಬಾರಿಸಿದರು. ಅಂಗೈ ಗುರುತು ನನ್ನ ಪ್ಯಾಂಟಿನ ಮೇಲೆ ಕೂತಿತು.

ತಿಂಗಳಾದ ಮೇಲೆ ಅವರ ಒಂದು ಬದಲಾವಣೆ ಬಂತು. ಹೊಲದ ಕೂಲಿಗೆ ಹೋಗುವ ಹೆಂಗಸರು ಮುಂಜಾನೆ ಸಂಜೆ ಆ ಹೊಲವನ್ನು ಓರೆಯಾಗಿ ದಾಟಿ ಬಸ್ ನಿಲ್ದಾಣದ ಕಡೆ ಹೋಗುತ್ತಿದ್ದರು. ಸೈಟುಗಳ ನಕ್ಷೆ ಮಾಡಿದ ಇಂಜಿನಿಯರು ರಸ್ತೆಗಳನ್ನು ನೇರವಾಗಿ ಗೀಚಿದ್ದ. ಚಾಚಾ, "ಆ ಹೆಣ್ಣುಮಕ್ಕಳ ಹಾದಿ ಹ್ಯಾಂಗ ಐತಿ ಹಂಗ ಇರಲಿ. ನಿಮ್ಮ ರಸ್ತೇನ ಅದರ ಮ್ಯಾಲೆ ಹಾಕ್ರಿ" ಅಂದರು. ಇಂಜಿನಿಯರು ತಲೆ ತಲೆ ಬಡಿದುಕೊಂಡ. "ಸೈಟು ಮೂರು ಮೂಲಿ ಆಗ್ತಾವರಿ! ಮೂರು ಮೂಲಿ ಸೈಟು ಯಾವ ಮನಷ್ಯಾ ತಗೋತಾನ್ರಿ?" ಚಾಚಾ ಜಗ್ಗಲಿಲ್ಲ. ರಸ್ತೆ ಓರೆಯಾಯಿತು. ಕಡೆಗೆ ಅದರ ಪಕ್ಕದಲ್ಲಿ ಒಂದು ಸೈಟು ಸಮೋಸದ ಆಕಾರದಲ್ಲಿ ಉಳಿಯಿತು.

ಜಾಹೀರಾತು ಅಚ್ಚು ಹಾಕಲು ನನ್ನ ಹತ್ತಿರ ಬಂದರು. ಉಳಿದವರೆಲ್ಲ ಸ್ವರ್ಗ, ನಂದನವನ ಅಂತ ಹಾಕಿಸುತ್ತಿದ್ದ ಕಾಲ. ಚಾಚಾ ಬೆಂಚಿನ ಮೇಲೆ ಕೂತು ಹೇಳುತ್ತಾ ಹೋದರು: "ಬರಿ. ಮಳಿಗಾಲದಾಗ ಎರಿಮಣ್ಣು ಕಾಲು ಬಿಡೂದಿಲ್ಲ. ಪಾಯಾ ಆಳ ತೆಗೀಬೇಕು. ನೀರು ಸದ್ಯಕ್ಕ ಒಂದ ಬೋರಿನ ಮ್ಯಾಲೆ ಐತಿ. ಗಾಳಿ ಚಲೋ ಬರ್ತೈತಿ."

"ಚಾಚಾ, ಹಿಂಗ ಬರದ್ರ ಯಾರು ಬರ್ತಾರ್ರೀ?"

"ಪಾಲುದಾರಗ ಮೊದಲ ತೂತು ತೋರಿಸಬೇಕು, ಆಮ್ಯಾಲೆ ಚಂದಾ ತೋರಿಸಬೇಕು."

"ಇವರು ಪಾಲುದಾರರಲ್ರಿ. ಸೈಟು ತಗೊಂಡು ಹೋಗೋ ಗಿರಾಕಿ."

"ಹೌದಲ್ಲ," ಅಂದರು. ಆ ವಿಚಾರ ಅವರಿಗೆ ಆಗ ಹೊಳೆದ ಹಾಗಿತ್ತು. ಸ್ವಲ್ಪ ಹೊತ್ತು ಕಿವಿ ತಿಕ್ಕಿದರು. "ಇರ್ಲಿ, ಅಚ್ಚು ಹಾಕು."

ಜನ ಬಂದರು. ಇಂಥ ಜಾಹೀರಾತು ಕೊಟ್ಟವನ ಮುಖ ನೋಡಲಿಕ್ಕೆಂದೇ ಬಂದರು. ಚಾಚಾ ಎಲ್ಲರನ್ನೂ ಎದುರಿನ ಸ್ಟೂಲಿನ ಮೇಲೆ ಕೂರಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ಇಲ್ಲಿ ಏನು ಮಾಡ್ತೀರಿ? ಅದು ಯಾರಿಗೆ ಬೇಕಾಗೇತಿ? ಅದು ಕೈ ಕೊಟ್ರ ಏನು ಮಾಡ್ತೀರಿ? ಪಾಲು ಹಿಡಿಯುವಾಗ ನಮಗೆಲ್ಲ ಕೇಳಿದ್ದ ಪ್ರಶ್ನೆಗಳೇ ಅವು. ಗದಗಿನಿಂದ ಕಾರಿನಲ್ಲಿ ಬಂದ ಒಬ್ಬ ಸಾಹುಕಾರ ಒಂದೇ ಸಲಕ್ಕೆ ಹತ್ತು ಸೈಟು ಕೊಡಿ ಅಂದ. ಚಾಚಾ ಮೊದಲನೇ ಪ್ರಶ್ನೆ ಕೇಳಿದರು.

"ಏನೂ ಮಾಡೂದಿಲ್ರಿ. ಎರಡು ವರ್ಷ ಹಂಗ ಬಿಟ್ಟು ಮಾರಿ ಬಿಡ್ತೀನಿ."

"ಏನೂ ಮಾಡೂದಿಲ್ಲ?"

"ಮಾಡಾಕೇನೈತ್ರಿ? ಜಾಗಾ ತಾನ ಬೆಳೀತೈತಿ."

ಚಾಚಾ ಅವನನ್ನು ಕನಿಕರದಿಂದ ನೋಡಿದರು. ಚಹಾ ಕುಡಿಸಿ ಕಳಿಸಿಬಿಟ್ಟರು. ಅದೇ ಆ ಕಾಲದ ಇಡೀ ವ್ಯಾಪಾರ, ಆತನೇ ಆ ವ್ಯಾಪಾರದ ಒಳ್ಳೆಯ ಗಿರಾಕಿ ಎಂದು ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. "ಸುಮ್ಮನ ಇಡಾಕ ಅದೇನು ಉಪ್ಪಿನಕಾಯೇನು?" ಅಂದರು. ಅಂದ ಹಾಗೆ ಚಹಾ ಎಲ್ಲಿಂದ ಬಂತು ಅಂದರೆ, ಹೊಲದಲ್ಲಿ ಜನ ಸೇರುವುದನ್ನು ಕಂಡು ಒಬ್ಬ ಅಲ್ಲಿಗೆ ಚಹಾದ ಗಾಡಿ ತಂದಿದ್ದ. ವಾರ ತುಂಬುವುದರೊಳಗೆ ಆ ಗಾಡಿಯಲ್ಲಿ ಚಾಚಾ ಅರ್ಧ ಪಾಲು ಹಿಡಿದಿದ್ದರು.

ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರಿಗೆ ಮಾತ್ರ ಅವರು ಕರಗಿ ನೀರಾಗುತ್ತಿದ್ದರು. ಚಿಕ್ಕನರಗುಂದದಿಂದ ಗಂಡ ಹೆಂಡತಿ ಬಂದು, ಕುಸುಬಿ ಎಣ್ಣೆಯ ಗಾಣ ಹಾಕುತ್ತೇವೆ, ಬಂಡಿ ತಿರುಗಲು ಮೂಲೆಯ ಜಾಗವೇ ಬೇಕು ಅಂದರು. ಚಾಚಾ ಬೇವಿನ ಗಿಡದ ಸೈಟು ಕೊಟ್ಟುಬಿಟ್ಟರು, ಅದೂ ಕಡಿಮೆ ಬೆಲೆಗೆ, ಮೇಲೆ ಗಾಣದಲ್ಲಿ ತಾವೂ ಪಾಲು ಹಾಕಿ. ಮನೆಗೆ ಹೋಗಿ ಗಾಣದ ವರ್ಣನೆ ಮಾಡಿದರಂತೆ. ಚಾಚಿ, "ಮತ್ತ ನನ್ನ ಮನಿ?" ಅಂದರು. "ಅದರ ಬಾಜೂಕಿಂದು ನಿನಗ." ಬಾಜೂಕಿನದು ಖಾನಾವಳಿಯವನಿಗೆ ಹೋಯಿತು. ನೀರಿನ ಟಾಕಿಯ ಹತ್ತಿರದ್ದು ಸೈಕಲ್ ಅಂಗಡಿ ಇಡುವ ನಿವೃತ್ತ ಕಂಡಕ್ಟರಿಗೆ. ಒಂದೊಂದು ಸಲವೂ ಚಾಚಾ ಮಿರ್ಚಿ ಭಜಿಯ ಪೊಟ್ಟಣ ಹಿಡಿದು, ಹಾರುತ್ತಾ ಮನೆಗೆ ಹೋಗುತ್ತಿದ್ದರು. ಚಾಚಿಯ ಮನೆ ಮಾತ್ರ ನಕ್ಷೆಯ ಮೇಲೆ ಒಂದು ಸೈಟಿನಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇತ್ತು. ಮಳೆಗಾಲ ಹತ್ತಿರ ಬಂತು. ಕೊನೆಗೆ ಉಳಿದದ್ದು, ಎಲ್ಲರೂ ಬೇಡವೆಂದ ಆ ಮೂರು ಮೂಲೆಯ ಸೈಟು ಒಂದೇ. ಚಾಚಿ ಮಾತು ಬಿಟ್ಟರು. ನಮಗೆಲ್ಲ ನಗು ನಿಂತು ಭಯ ಶುರುವಾಯಿತು. ಒಬ್ಬ ಹೆಣ್ಣುಮಗಳ ಇಡೀ ಜೀವನದ ಒಂದೇ ಆಸೆ ನಮ್ಮ ಕಣ್ಣೆದುರಿಗೇ ಪಾಲುಪಾಲಾಗಿ ಹಂಚಿಹೋಗುತ್ತಿತ್ತು.

ಒಂದು ಸಂಜೆ ನಾನು ಅಲ್ಲೇ ಇದ್ದೆ. ಕೂಲಿ ಮುಗಿಸಿ ಬರುವ ಹೆಂಗಸರ ಗುಂಪಿನ ಮುಂದೆ ಬುರ್ಖಾ ಹಾಕಿಕೊಂಡ ಚಾಚಿ, ಓರೆ ಹಾದಿಯಲ್ಲಿ ಬರುವುದು ಕಂಡಿತು. ನೇರವಾಗಿ ಬಂದು ಚಾಚಾ ಎದುರಿನ ಸ್ಟೂಲಿನ ಮೇಲೆ ಕೂತರು. ಹೆಂಗಸರು ಹಿಂದೆ ನಿಂತರು.

"ಯಾಕ, ಮನ್ಯಾಗ ಏನರ ಆತೇನು?" ಚಾಚಾ ಗಾಬರಿಯಾದರು.

"ನಾ ಗಿರಾಕಿ. ಕೇಳ್ರಿ ನಿಮ್ಮ ಮೂರು ಪ್ರಶ್ನಿ."

ಚಾಚಾ ನನ್ನ ಕಡೆ ನೋಡಿದರು. ನಾನು ಗುಡ್ಡದ ಪಂಖ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು. "ಇಲ್ಲಿ ಏನು ಮಾಡ್ತೀರಿ?"

"ಮೂರು ಮೂಲಿ ಸೈಟಿನ್ಯಾಗ ಮುಂದ ಹೊಲಿಗಿ ಅಂಗಡಿ, ಹಿಂದ ಮನಿ."

"ಅದು ಯಾರಿಗೆ ಬೇಕಾಗೇತಿ?"

"ಇವರಿಗೆ." ಚಾಚಿ ಹಿಂದೆ ನಿಂತವರನ್ನು ತೋರಿಸಿದರು. "ಪ್ಯಾಟಿ ಟೇಲರ್ ಕಂಕಳದಾಗ ಬಿಗಿ ಹೊಲೀತಾನ. ಕಳೆ ತೆಗಿಯೂಮುಂದ ಜಂಪರ್ ಹರೀತಾವು. ನಾ ಸಡಲ ಬಿಟ್ಟು ಹೊಲೀತೀನಿ. ಇವರು ದಿನಾ ಎರಡು ಸಲ ಇದ ಹಾದ್ಯಾಗ ಹೋಗ್ತಾರ. ತಿಂಗಳಗಟ್ಟಲೆ ಕುಂತು ನೋಡೀರಲ್ಲ ನೀವ."

ಹೆಂಗಸರಲ್ಲಿ ಒಬ್ಬಳು ತೋಳೆತ್ತಿ ಹರಿದ ಜಂಪರ್ ತೋರಿಸಿಯೇ ಬಿಟ್ಟಳು, ಉಳಿದವರು ಕಿಸಕ್ಕೆಂದರು.

"ಅದು ಕೈ ಕೊಟ್ರ?"

"ಕೈ ಕೊಟ್ರ ಏನೈತಿ, ಮತ್ತ ಬಾಡಿಗಿ ಮನಿಗೆ ಹೋಗ್ತೀನಿ. ನನಗ ರೂಢಿ ಐತಿ."

ಇಷ್ಟು ವರ್ಷ ಹೊಲಿದು ಕೂಡಿಟ್ಟದ್ದನ್ನೂ, ತಮ್ಮ ಚಿನ್ನದ ಬಳೆ ಮಾರಿ ಬಂದದ್ದನ್ನೂ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಗಂಟನ್ನು ಚಾಚಾ ಅವರ ಮೊಳಕಾಲ ಮೇಲೆ ಇಟ್ಟರು. ಚಾಚಾ ಗಂಟನ್ನು ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ಅವರ ಮುಖ ಅರಳಿದ ರೀತಿ ಇದೆಯಲ್ಲ, ಅದನ್ನು ಬರೆಯುವ ಶಕ್ತಿ ನನಗಿಲ್ಲ. ನನ್ನ ತೊಡೆಗೆ ಫಟ್ ಎಂದು ಬಿತ್ತು. "ಇದು ಓಡ್ತೈತಿ! ಇಂಥಾ ವ್ಯಾಪಾರ ನನ್ನ ಕಣ್ಣಿಗೆ ಬಿದ್ದಿಲ್ಲ! ನನ್ನದೂ ಅರ್ಧಾ ಪಾಲು ಹಿಡಿ!"

"ಕೊಡೂದಿಲ್ಲ."

"ಕಾಲು ಪಾಲು?"

"ಒಂದು ಇಟ್ಟಂಗಿನೂ ಕೊಡೂದಿಲ್ಲ."

"ಮತ್ತ ನಾ ಎಲ್ಲಿರಬೇಕು?"

"ಬಾಡಿಗಿ ಕೊಟ್ಟು ಇರ್ರಿ."

ಕೂಲಿ ಹೆಂಗಸರು ಬುತ್ತಿಯ ಗಂಟು ಕೆಳಗಿಟ್ಟು ನಕ್ಕರು. ಚಹಾದವನು ಒಲೆ ನೋಡುವುದನ್ನು ಬಿಟ್ಟು ನಕ್ಕ, ಚಹಾ ಉಕ್ಕಿ ಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಾಚಾ. ಕುರ್ಚಿ ಹಿಂದಕ್ಕೆ ವಾಲಿ ಅವರು ಎರೆಮಣ್ಣಿನಲ್ಲಿ ಅಂಗಾತ ಬಿದ್ದರು, ಬಿದ್ದಲ್ಲೇ ನಗುತ್ತಿದ್ದರು. ಚಾಚಿ ಬುರ್ಖಾದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ಅವರನ್ನು ಕೈಹಿಡಿದು ಎಬ್ಬಿಸಿದರು.

ಆ ವಾರವೇ ರೋಣಕ್ಕೆ ಹೋಗಿ ಸೈಟು ಚಾಚಿಯ ಹೆಸರಿಗೆ ನೋಂದಣಿ ಆಯಿತು, ಸಾಕ್ಷಿಯ ಸಹಿ ನನ್ನದು. ಮಳೆ ಹಿಡಿಯುವುದರೊಳಗೆ ಮನೆ ಎದ್ದಿತು. ಗೌಂಡಿ ಶಪಿಸುತ್ತಾ ಕಟ್ಟಿದ, ಮಂಚ ಯಾವ ಗೋಡೆಗೂ ಸರಿಯಾಗಿ ತಾಗಲಿಲ್ಲ. ಆದರೆ ಮುಂದಿನ ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಬಿಡುವಿರಲಿಲ್ಲ. ಹಿಂದಿನ ಚೂಪು ಮೂಲೆಯಲ್ಲಿ ಚಾಚಾ ಬಾಡಿಗೆಗೆ ಸೇರಿದರು. ತಿಂಗಳ ಮೊದಲ ದಿನ ಬಾಡಿಗೆ ಎಣಿಸಿ ಕೊಟ್ಟು, ಪಾವತಿ ಚೀಟಿ ಬರೆಸಿಕೊಂಡು, ಅದನ್ನು ಪೇಟೆಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದರು. "ನಮ್ಮ ಮಾಲಕಿ ಭಾಳ ಬಿಗಿ. ಒಂದು ದಿನಾ ತಡಾ ಆದ್ರ ಚಾ ಕೊಡೂದಿಲ್ಲ" ಎಂದು ದೂರು ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷ ಯಾವ ಅಂಗಡಿಯ ಪಾಲಿನಲ್ಲೂ ನಾನು ಕಂಡಿರಲಿಲ್ಲ.

ಒಮ್ಮೆ ನನ್ನ ಹೆಂಡತಿಯ ಜಂಪರ್ ತರಲು ಹೋದಾಗ ಚಾಚಿಯನ್ನು ಕೇಳಿಯೇ ಬಿಟ್ಟೆ. "ಚಾಚಿ, ಊರ ಮಂದಿಯೆಲ್ಲ ಅವರಿಗೆ ಪಾಲು ಕೊಟ್ವಿ. ನೀವೊಬ್ಬರ ಕೊಡಲಿಲ್ಲ. ಪಾಪ ಅನಸಲಿಲ್ಲೇನ್ರಿ?"

ಚಾಚಿ ಹಲ್ಲಿನಿಂದ ದಾರ ಕತ್ತರಿಸಿದರು. ಹಿಂದಿನ ಕೋಣೆಯಿಂದ ಚಾಚಾ ಅವರ ಗೊರಕೆ ಕೇಳುತ್ತಿತ್ತು.

"ಪಾಲು ಕೊಟ್ಟಿದ್ರ ಮೂರು ವರ್ಷಕ್ಕ ಮಾರಿ, ಇನ್ನೊಬ್ಬರ ಬಾಗಲಕ್ಕ ಹೋಗಿ ಕುಂದ್ರತಿದ್ರು. ನೀವೆಲ್ಲ ನೋಡೀರಲ್ಲ. ಬಾಡಿಗಿ ಮನಿ ಮಾತ್ರ ಅವರು ಬಿಟ್ಟು ಹೋಗೂದಿಲ್ಲ."

ಅವರು ಬಿಟ್ಟು ಹೋಗಲಿಲ್ಲ. ಅನಾರೋಗ್ಯವಾದಾಗ ಗದಗಿನ ದವಾಖಾನೆಗೆ ಸೇರಿಸುತ್ತೇವೆ ಅಂದರೂ ಆ ಚೂಪು ಮೂಲೆ ಬಿಟ್ಟು ಏಳಲಿಲ್ಲ. ತೀರಿಕೊಳ್ಳುವ ಹಿಂದಿನ ದಿನ ಚಾಚಿಯನ್ನು ಹತ್ತಿರ ಕರೆದು, ಎಂದೂ ಇಲ್ಲದ್ದು, ಮುಂದಿನ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೈಯಲ್ಲಿಟ್ಟರಂತೆ.